ಬೇಕಾದುದನ್ನು ಬರೆಯುವ ವಿದ್ಯೆ

ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನ ಯರಗುಪ್ಪಿಯಲ್ಲಿ ಹೊಲವುಳ್ಳ ಮನೆ ಯಾವುದೇ ಇರಲಿ, ಅದರ ಒಳಕೋಣೆಯಲ್ಲಿ ಒಂದು ತಗಡಿನ ಟ್ರಂಕು ಇದ್ದೇ ಇರುತ್ತದೆ. ಮದುವೆಯ ಸೀರೆಗಳ ಕೆಳಗೆ, ಸೊಸೈಟಿಯ ಪಾವತಿಗಳ ಜತೆಗೆ, ಮಡಿಸಿ ಮಡಿಸಿ ಗೆರೆಬಿದ್ದ ಕಾಗದವೊಂದನ್ನು ಅದರಲ್ಲಿ ಜೋಪಾನವಾಗಿ ಇಟ್ಟಿರುತ್ತಾರೆ. ಅದೇ ಉತಾರ. ಮೈಸೂರು ಸೀಮೆಯವರು ಅದಕ್ಕೆ ಪಹಣಿಯೆನ್ನುತ್ತಾರೆ. ಬೆಳೆಸಾಲ, ಅಣ್ಣತಮ್ಮಂದಿರ ವಾಟಣಿ, ವಾರಸಾ, ಬೆಳೆವಿಮೆ, ಕೋರ್ಟಿನ ವ್ಯಾಜ್ಯ ಎಲ್ಲಕ್ಕೂ ಅದೊಂದೇ ಸಾಕ್ಷಿ. ಆ ಕಾಗದದಲ್ಲಿ ಇಷ್ಟು ಕಲಮುಗಳಿರಬೇಕು, ಇಂಥದರಲ್ಲಿ ಇಂಥದನ್ನೇ ಬರೆಯಬೇಕು ಎಂದು ಮೊದಲಿಗೆ ಕುಳಿತು ಗೊತ್ತುಮಾಡಿದವರು ಯಾರು ಎಂಬ ಪ್ರಶ್ನೆ ಮಾತ್ರ ಯಾರಿಗೂ ಬರುವುದಿಲ್ಲ.

ನನಗೆ ಆ ಪ್ರಶ್ನೆ ಬಂದುದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ದೆಸೆಯಿಂದ. ಬಿ.ಎ. ತರಗತಿಯಲ್ಲಿ ಐಚ್ಛಿಕ ಕನ್ನಡ ಓದಿದ ಹುಡುಗ. ಈಗ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಬಿಸಿನೆಸ್ ಅನಲಿಸ್ಟ್ ಎಂಬ ಹುದ್ದೆಯಲ್ಲಿದ್ದಾನೆ. ಅದೆಂಥ ಕೆಲಸವಪ್ಪಾ ಎಂದು ಕೇಳಿದೆ. “ನಾ ಕೋಡ್ ಬರಿಯೂದಿಲ್ರಿ ಸರ. ಯಾರಿಗೆ ಏನ ಬೇಕಾಗೇದ ಅಂತ ಕೇಳಿ, ತಿಳಕೊಂಡು, ಬರೀತೀನ್ರಿ. ನಾ ಬರದದ್ದನ್ನ ಓದಿ ಅವರು ಕೋಡ್ ಬರೀತಾರ. ನಂದ ತಪ್ಪಿದ್ರ ಅವರದೆಲ್ಲಾ ತಪ್ಪತದ” ಎಂದ. ಇಂಥ ಬರಹಕ್ಕೆ ಅವರ ವೃತ್ತಿಯಲ್ಲಿ ರಿಕ್ವೈರ್ಮೆಂಟ್ ಎಂದು ಹೆಸರು. ಕನ್ನಡದಲ್ಲಿ ಬೇಡಿಕೆಯೆಂದರೆ ಚಳವಳಿಯ ವಾಸನೆ ಬರುತ್ತದೆ. ಆವಶ್ಯಕತೆಯೆಂದರೆ ತೀರ ಅಮೂರ್ತವಾಗುತ್ತದೆ. ‘ಬೇಕುಪಟ್ಟಿ’ ಎಂದರೆ ಸಂತೆಗೆ ಹೊರಟಂತೆ ಕಂಡರೂ ಅರ್ಥಕ್ಕೆ ಹತ್ತಿರವಾದುದು ಅದೇ. ಈ ಲೇಖನದ ಮಟ್ಟಿಗೆ ಅದನ್ನೇ ಬಳಸುತ್ತೇನೆ.

ಈ ವೃತ್ತಿ ಗಣಕಯಂತ್ರದೊಡನೆ ಹುಟ್ಟಿತೆಂಬ ನಂಬಿಕೆ ಅವನದು. 1976ರಲ್ಲಿ ಬೆಲ್ ಮತ್ತು ಥೇಯರ್ ಎಂಬಿಬ್ಬರು ಅಮೆರಿಕದ ತಜ್ಞರು, ಬೇಕುಪಟ್ಟಿಯೆಂಬುದು ತಾನಾಗಿ ಹುಟ್ಟಿಕೊಳ್ಳುವ ವಸ್ತುವಲ್ಲ, ಅದನ್ನು ಕಟ್ಟಬೇಕು, ಮರಳಿ ಮರಳಿ ನೋಡಿ ತಿದ್ದಬೇಕು ಎಂದು ಸಾಧಿಸಿ ತೋರಿಸಿದರಂತೆ. 1987ರಲ್ಲಿ ಪ್ರಕಟವಾದ ತನ್ನ ಹೆಸರಾಂತ ಲೇಖನದಲ್ಲಿ ಫ್ರೆಡ್ ಬ್ರೂಕ್ಸ್ ಎಂಬ ವಿದ್ವಾಂಸನು, ತಂತ್ರಾಂಶ ಕಟ್ಟುವುದರಲ್ಲಿ ಅತ್ಯಂತ ಕಠಿಣವಾದುದೆಂದರೆ ಏನನ್ನು ಕಟ್ಟಬೇಕೆಂದು ನಿಖರವಾಗಿ ನಿಶ್ಚಯಿಸುವುದೇ ಎಂದಿದ್ದಾನೆ. ಇವೆಲ್ಲ ಒಪ್ಪತಕ್ಕ ಮಾತುಗಳೇ. ಆದರೆ ನಮ್ಮ ಧಾರವಾಡ ಸೀಮೆಯ ಎರೆಹೊಲಗಳಲ್ಲಿ ಇದೇ ವಿದ್ಯೆಯ ಒಂದು ದೊಡ್ಡ ಪ್ರಯೋಗ, ಗಣಕಯಂತ್ರಕ್ಕೆ ನೂರು ವರ್ಷ ಮೊದಲೇ ನಡೆದುಹೋಗಿದೆ. ವಾಚಕರು ಸ್ವಲ್ಪ ಹಿಂದಕ್ಕೆ ಬರಬೇಕು.

ಪೇಶವೆಯರ ರಾಜ್ಯ ಮುಗಿದ ಮೇಲೆ ಮುಂಬಯಿ ಸರಕಾರಕ್ಕೆ ಒಂದು ಪೇಚು ಎದುರಾಯಿತು: ಯಾವ ಹೊಲಕ್ಕೆ ಎಷ್ಟು ಕಂದಾಯ? 1827-28ರ ಸುಮಾರಿಗೆ ಪುಣೆಯ ಕಡೆಯಲ್ಲಿ ಪ್ರಿಂಗಲ್ ಎಂಬ ಯುವಕ ಅಧಿಕಾರಿ ಇದಕ್ಕೆ ಕೈಹಾಕಿದ. ಆಗಿನ ಹೊಸ ಇಂಗ್ಲಿಷ್ ಅರ್ಥಶಾಸ್ತ್ರ ಅವನ ತಲೆಯಲ್ಲಿ ತುಂಬಿತ್ತು. ಪ್ರತಿಯೊಂದು ಬಗೆಯ ಮಣ್ಣಿನಲ್ಲಿ ಎಷ್ಟು ಬೆಳೆಯುತ್ತದೆ, ಅದಕ್ಕೆ ತಗಲುವ ಎತ್ತು, ಬೀಜ, ಆಳಿನ ಖರ್ಚು ಎಷ್ಟು, ಕಳೆದು ಉಳಿಯುವ ನಿವ್ವಳ ಎಷ್ಟು ಎಂದು ಲೆಕ್ಕಹಾಕಿ, ಆ ನಿವ್ವಳದಲ್ಲಿ ನೂರಕ್ಕೆ 55ರಷ್ಟನ್ನು ಸರಕಾರಕ್ಕೆ ಗೊತ್ತುಪಡಿಸುವುದು ಅವನ ಯೋಜನೆ. ಕಾಗದದ ಮೇಲೆ ಇದಕ್ಕಿಂತ ಚೆಂದದ ಯೋಜನೆ ಇರಲಾರದು. ಆದರೆ ನಿವ್ವಳ ಉತ್ಪನ್ನವನ್ನು ಕಣ್ಣಿನಿಂದ ಕಾಣಲು ಬರುವುದಿಲ್ಲ, ಕೋಲಿನಿಂದ ಅಳೆಯಲು ಬರುವುದಿಲ್ಲ. ಹೊಲಕ್ಕೆ ಹೋದ ಕಾರಕೂನನು ರೈತನನ್ನು ಕೇಳಬೇಕು. ರೈತನು ಕಡಿಮೆ ಹೇಳುತ್ತಾನೆ. ಕಾರಕೂನನು ತನ್ನ ಕೈ ಬೆಚ್ಚಗಾದಂತೆ ಬರೆಯುತ್ತಾನೆ. ಬರೆದುದು ಸರಿಯೋ ತಪ್ಪೋ ಎಂದು ಮೇಲಿನವರು ಪರೀಕ್ಷಿಸುವ ಬಗೆಯಿಲ್ಲ. ಕೆಲವೇ ವರ್ಷಗಳಲ್ಲಿ ಆ ವ್ಯವಸ್ಥೆ ಕುಸಿಯಿತು. ಕಂದಾಯ ತೆರಲಾರದೆ ಜನ ಹೊಲಗಳನ್ನು ಬೀಳುಬಿಟ್ಟರು.

1835-36ರಲ್ಲಿ ಇಂದಾಪುರ ತಾಲೂಕಿನಲ್ಲಿ ಗೋಲ್ಡ್‌ಸ್ಮಿಡ್ ಎಂಬ ಸಿವಿಲ್ ಅಧಿಕಾರಿಯೂ ವಿಂಗೇಟ್ ಎಂಬ ಸೇನೆಯ ಎಂಜಿನಿಯರನೂ ಕೂಡಿ ಆ ಕೆಲಸವನ್ನು ಮರಳಿ ಮೊದಲಿನಿಂದ ಹಿಡಿದರು. ಅದೇ ವಿಂಗೇಟ್ 1840ರ ದಶಕದಲ್ಲಿ ದಕ್ಷಿಣ ಮರಾಠಾ ಸೀಮೆಯ, ಅಂದರೆ ನಮ್ಮ ಧಾರವಾಡದ, ಸರ್ವೆಗೆ ಮೇಲಧಿಕಾರಿಯಾಗಿ ಬಂದ. ಈ ಇಬ್ಬರೂ ಡೇವಿಡ್‌ಸನ್ ಎಂಬ ಮೂರನೆಯವನೂ ಸೇರಿ 1847ರಲ್ಲಿ ಬರೆದ ಜಂಟಿ ವರದಿಯೇ ಮುಂಬಯಿ ಸರ್ವೆಯ ವೇದವಾಯಿತು. ಅದರೊಳಗಿನ ಮಣ್ಣಿನ ವರ್ಗೀಕರಣದ ನಿಯಮಗಳನ್ನು ನಾನು ಆ ಹುಡುಗನಿಗೆ ಬಿಡಿಸಿ ಹೇಳಿದಾಗ ಅವನು ಕುರ್ಚಿಯಂಚಿಗೆ ಬಂದು ಕುಳಿತ.

ನಿಯಮ ಹೀಗಿದೆ. ಮಣ್ಣು ಮೂರು ದರ್ಜೆ: ನಯವಾಗಿ, ಕಡುಗಪ್ಪಿನಿಂದ ಕಂದಿನವರೆಗೆ ಇರುವುದು ಮೊದಲನೆಯದು, ಅದಕ್ಕಿಂತ ಒರಟಾಗಿ, ಸಾಮಾನ್ಯವಾಗಿ ಕೆಂಪಾಗಿರುವುದು ಎರಡನೆಯದು, ಗರಸು ಕೂಡಿದ, ಉದುರುವ, ತಿಳಿಬಣ್ಣದ್ದು ಮೂರನೆಯದು. ಅನಂತರ ಅಗೆದು ಆಳ ನೋಡಬೇಕು. ಆಳವನ್ನು ಮೊಳದಲ್ಲಿ ಎಣಿಸಬೇಕು. ಒಂದೂಮುಕ್ಕಾಲು ಮೊಳಕ್ಕಿಂತ ಹೆಚ್ಚು ಆಳವಿದ್ದರೂ ಬೆಲೆ ಹೆಚ್ಚದು. ಮೊದಲ ದರ್ಜೆಯ ಮಣ್ಣು ಒಂದೂಮುಕ್ಕಾಲು ಮೊಳವಿದ್ದರೆ ಹದಿನಾರಾಣೆ. ಅಲ್ಲಿಂದ ಇಳಿಯುತ್ತ ಒಟ್ಟು ಒಂಬತ್ತು ವರ್ಗ, ಕೊನೆಯದು ಎರಡಾಣೆ. ಇನ್ನು ದೋಷಗಳು: ಸುಣ್ಣಗಲ್ಲಿನ ಹರಳು ಬೆರೆತಿರುವುದು, ಮರಳು ಬೆರೆತಿರುವುದು, ಇಳಿಜಾರು, ಹರಿವ ನೀರಿಗೆ ಕೊಚ್ಚಿಹೋಗುವುದು, ಒಳಗಿನಿಂದ ಜಿನುಗುವ ತೇವ, ಹೀಗೆ. ಒಂದೊಂದು ದೋಷಕ್ಕೆ ಒಂದೊಂದು ಗುರುತು. ಒಂದು ಗುರುತು ಬಿದ್ದರೆ ಒಂದು ವರ್ಗ ಕೆಳಕ್ಕೆ. ಮೊದಲ ದರ್ಜೆಯ, ಒಂದೂಕಾಲು ಮೊಳ ಆಳದ ಮಣ್ಣಿಗೆ ಹನ್ನೆರಡಾಣೆ. ಅದೇ ಮಣ್ಣು ಇಳಿಜಾರಿನಲ್ಲಿದ್ದು ಮರಳೂ ಬೆರೆತಿದ್ದರೆ ಎರಡು ವರ್ಗ ಇಳಿದು ಎಂಟಾಣೆ. ಹೊಲದ ನಕಾಶೆಯನ್ನು ಗೆರೆಹಾಕಿ ಭಾಗಮಾಡಿಕೊಂಡು ಪ್ರತಿ ಭಾಗದಲ್ಲಿ ಇದನ್ನು ಬರೆಯಬೇಕು. ಕೊನೆಗೆ ಸರಾಸರಿ ತೆಗೆಯಬೇಕು.

ಇದರ ಹಿರಿಮೆ ಎಲ್ಲಿದೆ ಎಂದರೆ, ಹೊಲಕ್ಕೆ ಹೋಗುವವನನ್ನು ಅಭಿಪ್ರಾಯ ಕೇಳಿಲ್ಲ. “ಹೊಲ ಚಲೋ ಅದನೋ ಇಲ್ಲೋ” ಎಂಬ ಪ್ರಶ್ನೆಯನ್ನು ಒಡೆದು ಒಡೆದು, ಗುದ್ದಲಿ, ಕಣ್ಣು, ಮೊಳಗೈ ಉತ್ತರ ಕೊಡಬಲ್ಲಷ್ಟು ಸಣ್ಣ ಪ್ರಶ್ನೆಗಳನ್ನಾಗಿ ಮಾಡಿದ್ದಾರೆ. ಇಬ್ಬರು ಬೇರೆ ಬೇರೆ ದಿನ ಅದೇ ಹೊಲಕ್ಕೆ ಹೋದರೂ ಉತ್ತರ ಹೆಚ್ಚುಕಡಿಮೆ ಒಂದೇ ಬರಬೇಕು. ಬಾರದಿದ್ದರೆ ಮೇಲಧಿಕಾರಿ ಮರಳಿ ಅಗೆದು ನೋಡಿ ಯಾರು ತಪ್ಪಿದರೆಂದು ಹೇಳಬಲ್ಲ. ಅಳತೆಯೂ ಹಾಗೆಯೇ: 33 ಅಡಿಯ ಸರಪಳಿ, ಅದರ ಒಂದು ಚೌಕ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಇಂದಿಗೂ ಯರಗುಪ್ಪಿಯಲ್ಲಿ ಗುಂಟೆಯ ಲೆಕ್ಕವೇ. ನನ್ನ ವಿದ್ಯಾರ್ಥಿ ಹೇಳುವಂತೆ, ಅವನ ವೃತ್ತಿಯ ಶಿಷ್ಟಸಂಹಿತೆಯೊಂದು 1984ರಲ್ಲಿ ಅಮೆರಿಕದ ಎಂಜಿನಿಯರುಗಳ ಸಂಸ್ಥೆಯಿಂದ ಹೊರಟಿತು. ಬೇಕುಪಟ್ಟಿಯ ಪ್ರತಿವಾಕ್ಯಕ್ಕೂ ಒಂದೇ ಅರ್ಥವಿರಬೇಕು, ಅದು ನೆರವೇರಿತೋ ಇಲ್ಲವೋ ಎಂದು ಪರೀಕ್ಷಿಸಲು ಬರಬೇಕು ಎಂಬುದು ಆ ಪರಂಪರೆಯ ಮುಖ್ಯ ಸೂತ್ರ. ಪ್ರಿಂಗಲ್ ಸೋತದ್ದೂ ವಿಂಗೇಟ್ ಗೆದ್ದದ್ದೂ ಈ ಸೂತ್ರದಲ್ಲಿಯೇ.

ಚೊಕ್ಕವಾದ ಬರಹವು ನ್ಯಾಯವನ್ನು ತಾನಾಗಿ ತರುವುದಿಲ್ಲವೆಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ಹೊಲಹೊಲಗಳ ನಡುವಿನ ತಾರತಮ್ಯ ನಿಯಮದಿಂದ ಬಂತು; ತಾಲೂಕಿಗೆ ಒಟ್ಟು ಕಂದಾಯವೆಷ್ಟು ಎಂಬುದು ಮಾತ್ರ ಅಧಿಕಾರಿಯ ವಿವೇಚನೆಗೇ ಉಳಿಯಿತು. ಮೂವತ್ತು ವರ್ಷದ ಅವಧಿ ಮುಗಿದು ದಖ್ಖನಿನಲ್ಲಿ ದರ ಏರಿಸಿದಾಗ ಆದ ಸಂಕಟವೂ 1875ರ ದಂಗೆಗಳಿಗೆ ಒಂದು ಕಾರಣವೆಂದು ಹಲವು ಇತಿಹಾಸಕಾರರು ಎಣಿಸುತ್ತಾರೆ. ಆ ಮೊತ್ತದ ಬೇಕುಪಟ್ಟಿಯನ್ನು ಬರೆಯುವಾಗ ರೈತನನ್ನು ಯಾರೂ ಕೇಳಿರಲಿಲ್ಲ.

ಮುಂದಿನದನ್ನು ಬೇಗ ಹೇಳುತ್ತೇನೆ. 1903ರಲ್ಲಿ ಮುಂಬಯಿ ಇಲಾಖೆಗೆ ಹಕ್ಕುದಾಖಲೆಯ ಕಾಯದೆ ಬಂತು. ಆಂಡರ್ಸನ್ ಎಂಬ ಅಧಿಕಾರಿ ಗ್ರಾಮಲೆಕ್ಕಗಳಿಗೆ ಕೈಪಿಡಿ ಬರೆದ. ನಮ್ಮ ಕಡೆಯ ಕುಲಕರ್ಣಿ, ತಲಾಠಿಗಳ ಬಾಯಲ್ಲಿ ‘ಏಳು-ಹನ್ನೆರಡರ ಉತಾರ’ ಎಂಬ ಮಾತು ಉಳಿದದ್ದು ಆ ಗ್ರಾಮನಮೂನೆಗಳ ಸಂಖ್ಯೆಯಿಂದ. ಆ ಹನ್ನೆರಡನೆಯ ನಮೂನೆಯಲ್ಲಿ ಮಿಶ್ರಬೆಳೆಗೆ ಬೇರೆಯೇ ಜಾಗ ಬಿಟ್ಟಿದ್ದಾರೆ. ನಮ್ಮ ರೈತ ಒಂದೇ ಹೊಲದಲ್ಲಿ ಅಕ್ಕಡಿ ಹಾಕುತ್ತಾನೆ, ಜೋಳದ ನಡುವೆ ತೊಗರಿಯ ಸಾಲು ಬರುತ್ತದೆ ಎಂಬುದು ನಮೂನೆ ಬರೆದವನಿಗೆ ಗೊತ್ತಿತ್ತೆಂದಾಯಿತು. ಕಚೇರಿಯಲ್ಲೇ ಕುಳಿತು ಬರೆದವನಿಗೆ ಇದು ಹೊಳೆಯುವ ಮಾತಲ್ಲ.

1956ರ ಏಕೀಕರಣದ ತರುವಾಯ, 1964ರ ಭೂಕಂದಾಯ ಕಾಯದೆಯಿಂದ ಮುಂಬಯಿ, ಮೈಸೂರು, ಹೈದರಾಬಾದು ಮೊದಲಾದ ಕಡೆಗಳ ಪದ್ಧತಿಗಳೆಲ್ಲ ಒಂದಾಗಿ ಇಂದಿನ ನಮೂನೆ ಬಂತು. ಒಂಬತ್ತನೆಯ ಕಲಮಿನಲ್ಲಿ ಖಾತೆದಾರನ ಹೆಸರು. ಹನ್ನೊಂದರಲ್ಲಿ ಸಾಲ, ಇತರ ಹಕ್ಕುಗಳು. ಹನ್ನೆರಡರಲ್ಲಿ ಸಾಗುವಳಿ ಮಾಡಿದವನ ಹೆಸರು ಮತ್ತು ಬೆಳೆ. ಈ ಹನ್ನೆರಡನೆಯದನ್ನು ಬೆಳೆಯ ಲೆಕ್ಕದ ಮಾಮೂಲು ಕಲಮೆಂದು ಯಾರೂ ಲಕ್ಷ್ಯಕ್ಕೆ ತಂದಿರಲಿಲ್ಲ. 1974ರ ಮಾರ್ಚ್ 1ರಂದು ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದು ಉಳುವವನೇ ಒಡೆಯನೆಂದಾದ ಕೂಡಲೇ ಅದೇ ಕಲಮು ಬದುಕು-ಸಾವಿನ ಪ್ರಶ್ನೆಯಾಯಿತು. ದಾಖಲೆಯಲ್ಲಿ ಇದ್ದುದನ್ನು, ಸುಳ್ಳೆಂದು ತೋರಿಸುವ ತನಕ, ನಿಜವೆಂದೇ ತಿಳಿಯಬೇಕೆಂದು ಕಾಯದೆ ಹೇಳುತ್ತದೆ. ಹೆಸರು ಇದ್ದವನು ಹೊಲ ಪಡೆದ. ಇಪ್ಪತ್ತು ವರ್ಷ ಉತ್ತಿದ್ದರೂ ಹೆಸರು ಬರೆಸಿಕೊಳ್ಳದವನು ಭೂನ್ಯಾಯಮಂಡಳಿಯ ಮುಂದೆ ನೆರೆಹೊರೆಯವರ ಸಾಕ್ಷಿಗಾಗಿ ಅಲೆದ. ಒಂದು ಉದ್ದೇಶಕ್ಕೆಂದು ಕೇಳಿದ ಮಾಹಿತಿ ಇನ್ನೊಂದು ಉದ್ದೇಶಕ್ಕೆ ಹೇಗೆ ಮೊನಚಾದೀತು ಎಂಬುದಕ್ಕೆ ಇದಕ್ಕಿಂತ ದೊಡ್ಡ ದೃಷ್ಟಾಂತ ನನಗೆ ಗೊತ್ತಿಲ್ಲ.

ಇನ್ನು ಗಣಕದ ಕಾಲ. ಭೂದಾಖಲೆಗಳನ್ನು ಗಣಕಕ್ಕೆ ಏರಿಸುವ ಕೇಂದ್ರ ಸರಕಾರದ ಯೋಜನೆ ಕರ್ನಾಟಕದಲ್ಲಿ 1991ರಲ್ಲಿ ಗುಲಬರ್ಗಾ ಜಿಲ್ಲೆಯಿಂದ ಆರಂಭವಾಯಿತು. 1996ರ ಹೊತ್ತಿಗೆ ಎಲ್ಲ ಜಿಲ್ಲೆಗಳಿಗೂ ಮಂಜೂರಾಗಿತ್ತು. ಆದರೂ ಅದರಿಂದ ರೈತನ ಕೈಗೆ ಏನೂ ಬರಲಿಲ್ಲ. ಕಾರಣ ಸಣ್ಣದು. ದಾಖಲೆ ಬದಲಾಗುವುದು ತಾಲೂಕಿನಲ್ಲಿ. ತಾಲೂಕಿಗೆ ಮಾತ್ರ ಗಣಕಯಂತ್ರವನ್ನು ಕೊಡುವ ಏರ್ಪಾಡೇ ಇರಲಿಲ್ಲ. ದಿನದಿನವೂ ಹೊಲ ಮಾರುತ್ತಾರೆ, ಹಿರಿಯರು ತೀರಿಕೊಳ್ಳುತ್ತಾರೆ, ಅಣ್ಣತಮ್ಮಂದಿರು ಬೇರೆಯಾಗುತ್ತಾರೆ. ಒಂದು ಸಲ ಏರಿಸಿದ ದಾಖಲೆ ಆರು ತಿಂಗಳಲ್ಲಿ ಹಳೆಯ ಪಂಚಾಂಗವಾಗುತ್ತದೆ. ‘ದಾಖಲೆಗಳನ್ನು ಗಣಕೀಕರಿಸಬೇಕು’ ಎಂದು ಬರೆದವರು ‘ಬದಲಾವಣೆಯಾದ ದಿನವೇ, ಬದಲಾವಣೆಯಾಗುವ ಸ್ಥಳದಲ್ಲಿಯೇ’ ಎಂಬ ಎರಡು ಮಾತುಗಳನ್ನು ಬಿಟ್ಟಿದ್ದರು.

ಆಮೇಲೆ ಬಂದ ‘ಭೂಮಿ’ ಯೋಜನೆ ಆ ಎರಡು ಮಾತುಗಳನ್ನೇ ಹಿಡಿಯಿತು. ರಾಜೀವ್ ಚಾವ್ಲಾ ಎಂಬ ಐ.ಎ.ಎಸ್. ಅಧಿಕಾರಿಯ ಮುಂದಾಳುತನದಲ್ಲಿ, ರಾಷ್ಟ್ರೀಯ ಮಾಹಿತಿ ಕೇಂದ್ರದವರು ಬರೆದ ತಂತ್ರಾಂಶದಿಂದ, ಈ ಶತಮಾನದ ಮೊದಲೆರಡು ವರ್ಷಗಳಲ್ಲಿ 177 ತಾಲೂಕುಗಳ ಸುಮಾರು 2 ಕೋಟಿ ದಾಖಲೆಗಳು, 67 ಲಕ್ಷ ರೈತರವು, ಗಣಕಕ್ಕೆ ಬಂದವು. ಆಗ 15 ರೂಪಾಯಿ ಕೊಟ್ಟರೆ ತಾಲೂಕು ಕಚೇರಿಯ ಕಿಂಡಿಯಲ್ಲಿ ಉತಾರ ಕೈಗೆ ಸಿಗುತ್ತಿತ್ತು. ಕೈಬರಹದ ಉತಾರವನ್ನು ರದ್ದುಮಾಡಿದರು. ಅದುವರೆಗೆ ಸುಮಾರು 9,000 ಗ್ರಾಮಲೆಕ್ಕಿಗರ ಚೀಲಗಳಲ್ಲಿದ್ದ ಅಧಿಕಾರ ಕಿಂಡಿಗೆ ಬಂತು. ತಿದ್ದುವ ನೌಕರನು ಬೆರಳಚ್ಚು ಕೊಟ್ಟಲ್ಲದೆ ಗಣಕ ತೆರೆಯದು. ಯಾರು ಯಾವಾಗ ತಿದ್ದಿದರೆಂಬುದು ಉಳಿಯುತ್ತದೆ. ಖಾತೆ ಬದಲಾವಣೆಯ ವರ್ದಿಗಳು ಬಂದ ಸರತಿಯಲ್ಲೇ ಇತ್ಯರ್ಥವಾಗಬೇಕು. ಹಿಂದಿನದನ್ನು ಹಾರಿಸಿ ಮುಂದಿನದನ್ನು ಎತ್ತಿಕೊಳ್ಳಲು ತಂತ್ರಾಂಶವೇ ಬಿಡದು. ನಮ್ಮ ಕಚೇರಿಗಳನ್ನು ಬಲ್ಲವರಿಗೆ ಈ ಕೊನೆಯ ವಾಕ್ಯದ ತೂಕ ತಿಳಿಯುತ್ತದೆ.

ಆ ಸರತಿಯ ವಾಕ್ಯವನ್ನು ಕನ್ನಡದಲ್ಲಿ ಬರೆಯುವುದಾದರೆ ಹೇಗೆ ಬರೆಯಬೇಕು? ಇಲ್ಲಿ ನನ್ನಂಥ ಕನ್ನಡ ಮಾಸ್ತರನಿಗೂ ಸ್ವಲ್ಪ ಕೆಲಸವಿದೆ. ನಮ್ಮ ಕಚೇರಿಗನ್ನಡಕ್ಕೆ ಒಂದು ಪ್ರಿಯವಾದ ವಾಕ್ಯವುಂಟು: ‘ವರ್ದಿಯನ್ನು ಶೀಘ್ರವಾಗಿ ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು.’ ವ್ಯಾಕರಣದ ದೃಷ್ಟಿಯಿಂದ ದೋಷವಿಲ್ಲ. ಆದರೆ ಪರಿಶೀಲಿಸುವವನು ಯಾರು? ಕರ್ತೃವೇ ಇಲ್ಲ. ‘ಲಾಗುವುದು’ ಎಂಬ ಪ್ರತ್ಯಯವು ನಮ್ಮ ಭಾಷೆಯಲ್ಲಿ ಕರ್ತೃವನ್ನು ಬಚ್ಚಿಡುವ ಹಗೇವು. ಶೀಘ್ರವೆಂದರೆ ನಾಳೆಯೋ ಬರುವ ಯುಗಾದಿಯೋ? ಸೂಕ್ತವೆಂದರೆ ಯಾರಿಗೆ ಸೂಕ್ತ? ಇನ್ನೊಂದು ಮೋಸಗಾರ ‘ಬಹುದು’. ‘ಅಧಿಕಾರಿಯು ವರ್ದಿಯನ್ನು ತಿರಸ್ಕರಿಸಬಹುದು’ ಎಂದರೆ ಅವನಿಗೆ ಅಪ್ಪಣೆಯಿದೆ ಎಂದೂ ಆಗುತ್ತದೆ, ಹಾಗೆ ಸಂಭವಿಸೀತು ಎಂದೂ ಆಗುತ್ತದೆ. ಇಂಗ್ಲಿಷಿನಲ್ಲಿಯೂ ಇದೇ ತೊಡಕಿದ್ದುದರಿಂದ, ಅಂತರ್ಜಾಲದ ನಿಯಮಗಳನ್ನು ರೂಪಿಸುವವರು 1997ರಲ್ಲಿ ಒಂದು ಟಿಪ್ಪಣಿ ಹೊರಡಿಸಿ, ಮಾಡಲೇಬೇಕು, ಮಾಡುವುದು ಒಳ್ಳೆಯದು, ಮಾಡಿದರೂ ಸರಿ ಎಂಬ ಮೂರು ತರತಮಗಳಿಗೆ ಶಬ್ದಗಳನ್ನು ಕಟ್ಟುಹಾಕಿದರು. ನಮ್ಮಲ್ಲಿ ಶಾಸನದ ಕನ್ನಡಕ್ಕೆ ‘ತಕ್ಕದ್ದು’ ಎಂಬ ಗಟ್ಟಿ ಪ್ರತ್ಯಯವಿದೆ. ‘ಕೂಡದು’ ಎಂಬ ನಿಷೇಧವಿದೆ. ಅವನ್ನು ಹಳತೆಂದು ಹಾಸ್ಯಮಾಡುವವರು ಅವುಗಳ ಉಪಯೋಗ ಕಂಡವರಲ್ಲ.

ನನ್ನ ವಿದ್ಯಾರ್ಥಿ ಅದೇ ಮಾತನ್ನು ಹೀಗೆ ತಿದ್ದಿ ಬರೆದ: ‘ವರ್ದಿ ಸ್ವೀಕರಿಸಿದ ದಿನವೇ ಗಣಕವು ಅದಕ್ಕೆ ಕ್ರಮಸಂಖ್ಯೆ ಕೊಡತಕ್ಕದ್ದು. ನೋಟೀಸು ಹೊರಟು 30 ದಿನಗಳಲ್ಲಿ ತಕರಾರು ಬಾರದ ವರ್ದಿಗಳನ್ನು ಆ ಕ್ರಮದಲ್ಲಿಯೇ ರೆವಿನ್ಯೂ ಇನ್ಸ್‌ಪೆಕ್ಟರರ ಮುಂದೆ ಇಡತಕ್ಕದ್ದು. ಹಿಂದಿನದು ಇತ್ಯರ್ಥವಾಗದೆ ಮುಂದಿನದು ತೆರೆಯಕೂಡದು.’ ನಾನು ಕೇಳಿದೆ: “ಹಿಂದಿನದಕ್ಕೆ ತಕರಾರು ಬಂದು ಕೋರ್ಟಿಗೆ ಹೋದರ? ಊರಿನವರೆಲ್ಲಾ ಅದರ ಹಿಂದ ನಿಂದರಬೇಕೇನು?” ಅವನು ನಕ್ಕು, ತಕರಾರು ಬಂದುದನ್ನು ಬೇರೆ ಸಾಲಿಗೆ ತೆಗೆದಿಡತಕ್ಕದ್ದೆಂದು ನಾಲ್ಕನೆಯ ವಾಕ್ಯ ಸೇರಿಸಿದ. ಅವರ ವೃತ್ತಿಯ ಅರ್ಧ ಭಾಗ ಹೀಗೆ ‘ಆದರ?’ ಎಂದು ಕೇಳುವುದೇ ಅಂತೆ. ನಮ್ಮ ಮೀಮಾಂಸಕರಿಗೆ ಇದು ಹೊಸದಾಗಿ ಕಾಣಲಿಕ್ಕಿಲ್ಲ.

ಇಷ್ಟರಲ್ಲಿ ಯರಗುಪ್ಪಿಯ ಒಬ್ಬ ಮುದುಕಿಯ ಕತೆ ಬಂತು. ಉತಾರದಲ್ಲಿ ಅವಳ ಹೆಸರು ಯಕಾರದಿಂದ ಮೊದಲಾಗುತ್ತದೆ, ಆಧಾರ ಚೀಟಿಯಲ್ಲಿ ಎಕಾರದಿಂದ. ಮಳೆ ಹೋಗಿ ಹೆಸರುಬೆಳೆ ಕೈಬಿಟ್ಟ ವರ್ಷ ಪರಿಹಾರದ ಪಟ್ಟಿಯಿಂದ ಅವಳು ಹೊರಗುಳಿದಳು. “ಮಾಸ್ತರ್ರ, ನಾ ಇಲ್ಲೇ ಕುಂತೇನ್ರಿ, ಕಂಪ್ಯೂಟರ ಮಾತ್ರ ಆಕಿ ನೀ ಅಲ್ಲ ಅಂತೈತ್ರಿ” ಎಂದಳು. ಅವಳ ಅರ್ಜಿ ನೋಡಿದ ಕಚೇರಿಯ ಬೇಕುಪಟ್ಟಿಯಲ್ಲಿ ‘ಎರಡೂ ಕಡೆಯ ಹೆಸರು ಹೊಂದಿಕೆಯಾಗಬೇಕು’ ಎಂದಿದ್ದಿರಬೇಕು. ಹೊಂದಿಕೆಯೆಂದರೇನು ಎಂದು ಯಾರೂ ಬರೆಯಲಿಲ್ಲ; ಕೋಡ್ ಬರೆದವನು ಅಕ್ಷರಕ್ಕೆ ಅಕ್ಷರ ಕೂಡಬೇಕೆಂದು ತಿಳಿದ. ಕನ್ನಡ ಬಲ್ಲ ಯಾರಿಗಾದರೂ ಗೊತ್ತು: ಪದಾದಿಯ ಎಕಾರಕ್ಕೆ ನಮ್ಮ ನಾಲಗೆ ಯಕಾರವನ್ನು ಸೇರಿಸುತ್ತದೆ. ಎಲ್ಲಪ್ಪ ಯಲ್ಲಪ್ಪನಾಗುತ್ತಾನೆ, ಫಕೀರಪ್ಪ ಪಕ್ಕೀರಪ್ಪನಾಗುತ್ತಾನೆ, ಬಸವಣ್ಣೆಪ್ಪ ಬಸಣ್ಣೆಪ್ಪನಾಗುತ್ತಾನೆ. ಊರ ಹೆಸರನ್ನೇ ನೋಡಿ: ಯರಗುಪ್ಪಿಯೆಂಬುದನ್ನು ಕೇಳಿದೊಡನೆ ನನ್ನ ಕಿವಿಗೆ ಎರೆಮಣ್ಣು ಕೇಳಿಸುತ್ತದೆ. ಅದನ್ನು ವ್ಯುತ್ಪತ್ತಿಯೆಂದು ಸಾಧಿಸಹೊರಡುವುದಿಲ್ಲ. ಎರಡೂ ಉಚ್ಚಾರ ಒಂದೇ ಊರಿನವೆಂದಷ್ಟೇ ಹೇಳುತ್ತೇನೆ.

ಈಗ ಆ ಹುಡುಗನ ಕಂಪನಿಗೆ ಬೆಳೆಸಾಲದ ಅರ್ಜಿಗಳನ್ನು ನೋಡುವ ಒಂದು ತಂತ್ರಾಂಶದ ಕೆಲಸ ಬಂದಿದೆ. ಹೊಂದಿಕೆಯ ವಾಕ್ಯವನ್ನು ಅವನು ಹೀಗೆ ಬರೆದಿದ್ದಾನೆ: ಗೊತ್ತುಪಡಿಸಿದ ಅಕ್ಷರವ್ಯತ್ಯಾಸಗಳು ಮಾತ್ರ ಇದ್ದಲ್ಲಿ ಹೆಸರು ಹೊಂದಿತೆಂದು ತಿಳಿಯತಕ್ಕದ್ದು, ಅದಕ್ಕೂ ಮೀರಿದ ವ್ಯತ್ಯಾಸವಿದ್ದರೆ ಅರ್ಜಿಯನ್ನು ತಿರಸ್ಕರಿಸಕೂಡದು, ಮನುಷ್ಯನೊಬ್ಬನ ಕಣ್ಣಿಗೆ ಕಳುಹಿಸತಕ್ಕದ್ದು. ಆ ವ್ಯತ್ಯಾಸಗಳ ಕೋಷ್ಟಕವನ್ನು ಮಾಡಿಕೊಡುವ ಕೆಲಸ ನನಗೆ ಬಿದ್ದಿದೆ. ಯ-ಎ, ವ-ಒ, ಫ-ಪ, ಒತ್ತಕ್ಷರ ಬಿಡುವುದು, ಹ್ರಸ್ವ ದೀರ್ಘ ಎಂದು ಎರಡು ಪುಟ ತುಂಬಿಸಿದ್ದೇನೆ. ಆದರೆ ಯಾವ ಧ್ವನಿನಿಯಮಕ್ಕೂ ಸಿಗದ ಒಂದು ವರ್ಗ ಉಳಿದಿದೆ. ನಮ್ಮ ಕಡೆ ಎಷ್ಟೋ ಹೆಣ್ಣುಮಕ್ಕಳಿಗೆ ತವರಿನಲ್ಲಿ ಒಂದು ಹೆಸರು, ಮದುವೆಯ ದಿನ ಅಕ್ಕಿಯಲ್ಲಿ ಬರೆದ ಹೆಸರು ಇನ್ನೊಂದು. ಅಪ್ಪನ ಹೊಲದಲ್ಲಿ ಪಾಲು ಬಂದರೆ ಮೊದಲನೆಯ ಹೆಸರಿಗೆ, ಗಂಡ ತೀರಿ ವಾರಸಾ ಆದರೆ ಎರಡನೆಯ ಹೆಸರಿಗೆ. ಇಬ್ಬರೂ ಒಬ್ಬಳೇ ಎಂದು ಊರಿನ ಅಧಿಕಾರಿ ನೆರೆಮನೆಯವರಿಬ್ಬರನ್ನು ಕೇಳಿ ಬರೆದುಕೊಡತಕ್ಕದ್ದು ಎಂದು ಹುಡುಗ ಕರಡಿನಲ್ಲಿ ಹಾಕಿದ್ದಾನೆ. ನೆರೆಯವರಲ್ಲಿ ಒಬ್ಬರು ಹೊಲದ ವ್ಯಾಜ್ಯದಲ್ಲಿ ಎದುರಾಳಿಯೇ ಆಗಿದ್ದರೆ ಏನೆಂದು ಕೇಳಿ ನಾನು ಅದನ್ನು ಹಿಂದಕ್ಕೆ ಕಳುಹಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.